ಕೊರಳಲ್ಲೊಂದು ಪೈಪು, ಕೆರೆಯಲ್ಲೊಂದು ನೂಲು

“ಮಗಾ, ನೀರು ನಿಂತ್ಹೋಯ್ತು ನೋಡೋ!”

ಬಸಳೆ ಚಪ್ಪರದ ಆಚೆಯಿಂದ ಅಮ್ಮನ ಕೂಗು. ಎದ್ದು ಹೋಗಿ ಹುಡುಕುವ ಪ್ರಮೇಯವೇ ಇಲ್ಲ. ಬಚ್ಚಲಮನೆಯ ಮೂಲೆ ತಿರುಗುವಲ್ಲಿ, ನಲ್ಲಿಯಿಂದ ಮೂರು ಮಾರು ದೂರಕ್ಕೆ, ಹಸಿರು ಪೈಪು ಮಡಚಿಕೊಂಡು ಬಿದ್ದಿರುತ್ತದೆ. ನಿನ್ನೆಯೂ ಅಲ್ಲೇ, ಮೊನ್ನೆಯೂ ಅಲ್ಲೇ. ಸಾಗರದ ನಮ್ಮ ಮನೆಯ ಹಿತ್ತಲಲ್ಲಿ ಬೇಸಿಗೆ ಬಂತೆಂದರೆ ನನ್ನ ನೌಕರಿ ಇಷ್ಟೇ: ಮಡಿಕೆ ಬಿಡಿಸು, ಬಾ, ಕೂರು, ಮತ್ತೆ ಏಳು.

ಈ ಸಲ ಬಿಡಿಸುವ ಮೊದಲು ಕುಕ್ಕರಗಾಲಲ್ಲಿ ಕೂತು ಅದನ್ನೇ ದಿಟ್ಟಿಸಿದೆ. ಮಡಿಕೆಯ ಎರಡೂ ಅಂಚಿನಲ್ಲಿ ಪ್ಲಾಸ್ಟಿಕ್ಕು ಬೆಳ್ಳಗಾಗಿತ್ತು, ಹಳೆಯ ಗಾಯದ ಕಲೆಯ ಹಾಗೆ. ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಒಂದೊಂದೇ ಹನಿ. ಉಳಿದ ಪೈಪೆಲ್ಲ ಗುಂಡಗೆ, ಆರೋಗ್ಯವಾಗಿಯೇ ಇದೆ. ಹಾಗಾದರೆ ಬಗ್ಗುವುದಕ್ಕೆಂದೇ ಹುಟ್ಟಿದ ವಸ್ತು ಬಗ್ಗಿದ್ದಕ್ಕೇ ಸಾಯುವುದು ಯಾಕೆ?

ಉತ್ತರ ಹುಡುಕಲು ಹೊರಟವನು ನೆದರ್ಲೆಂಡ್ಸ್‌ಗೆ ಹೋಗಿ, ಅಣುಬಾಂಬಿನ ಮರುಭೂಮಿಯನ್ನು ಹಾದು, ನನ್ನದೇ ಗಂಟಲಿಗೆ ಕೈಯಿಟ್ಟು, ಕೊನೆಗೆ ಊರ ಕೆರೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ.

ಪಪ್ಪಾಯಿ ಎಲೆಯ ದಂಟಿನಿಂದ ಶುರುಮಾಡೋಣ. ಚಿಕ್ಕಂದಿನಲ್ಲಿ ಅದನ್ನು ಕತ್ತರಿಸಿ ಸೋಪಿನ ನೀರಿನ ಗುಳ್ಳೆ ಊದಿದವರಿಗೆಲ್ಲ ಗೊತ್ತು, ಒಳಗೆ ಟೊಳ್ಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಮೊದಮೊದಲು ಚೆಂದವಾಗಿ ಕಮಾನಾಗುತ್ತದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ... ಲಟಕ್! ಒಂದೇ ಒಂದು ಜಾಗದಲ್ಲಿ ಕುಸಿಯಿತು. ಉಳಿದ ದಂಟು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನೆಟ್ಟಗಾಗುತ್ತದೆ.

ಆ ‘ಲಟಕ್’ನ ಲೆಕ್ಕವನ್ನು ಬ್ರೇಜಿಯರ್ ಎಂಬ ಸಂಶೋಧಕ 1927ರಲ್ಲಿ ಬಿಡಿಸಿದ. ಕೊಳವೆಯನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗಿದ ಹೊರಮೈ ಬಿಲ್ಲಿನ ಹೆದೆಯ ಹಾಗೆ ಅಡ್ಡದಾರಿ ಹಿಡಿಯಲು ಒಳಕ್ಕೆ ಒತ್ತುತ್ತದೆ. ಕುಗ್ಗಿದ ಒಳಮೈ ಜಾಗ ಸಾಲದೆ ಅದರತ್ತಲೇ ಉಬ್ಬುತ್ತದೆ. ಎರಡೂ ಸೇರಿ ನಡುವಿನ ಟೊಳ್ಳನ್ನು ಹಿಂಡುತ್ತವೆ! ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚಪ್ಪಟೆಯಾದ ಕೊಳವೆಯನ್ನು ಬಗ್ಗಿಸುವುದು ಇನ್ನೂ ಸಲೀಸು. ಬಗ್ಗಿದಷ್ಟೂ ಚಪ್ಪಟೆ, ಚಪ್ಪಟೆಯಾದಷ್ಟೂ ಬಾಗು. ತೆಳು ಕೊಳವೆಯಾದರೆ, ತ್ರಿಜ್ಯದ ಒಂಬತ್ತರಲ್ಲಿ ಎರಡು ಪಾಲಿನಷ್ಟು ಚಪ್ಪಟೆಯಾಗುವ ಹೊತ್ತಿಗೆ ಅದರ ತಾಕತ್ತು ತುದಿ ಮುಟ್ಟಿರುತ್ತದೆ. ಆಮೇಲಿನದ್ದೆಲ್ಲ ಇಳಿಜಾರು.

ಅಂದರೆ ಪೈಪು ಹಾಳಾಗುವುದು ಬಾಗಿದ್ದಕ್ಕಲ್ಲ, ದುಂಡುತನ ಕಳೆದುಕೊಂಡದ್ದಕ್ಕೆ. ಈ ಒಂದು ಮಾತು ತಲೆಗೆ ಹೊಕ್ಕ ಮೇಲೆ ಹಿತ್ತಲಿನ ಚಿತ್ರವೇ ಬೇರೆಯಾಯಿತು. ಬೇಲಿಯ ಬಿದಿರನ್ನು ನೋಡಿದೆ. ಅಷ್ಟೆತ್ತರದ ಟೊಳ್ಳು ಗಳ ಗಾಳಿಗೆ ಬಾಗಿಯೂ ಮಡಚುವುದಿಲ್ಲ. ಗೆಣ್ಣು ಗೆಣ್ಣಿಗೂ ಒಳಗೊಂದು ಅಡ್ಡಗೋಡೆ ಇದೆಯಲ್ಲ, ಅದು ದುಂಡನ್ನು ದುಂಡಾಗಿಯೇ ಹಿಡಿದಿಡುತ್ತದೆ. ಆದರೆ ಬಿದಿರಿನ ಟೊಳ್ಳಿನಲ್ಲಿ ನೀರು ಹರಿಯಬೇಕಿಲ್ಲ. ಪೈಪಿಗೆ ಗೆಣ್ಣು ಹಾಕಿದರೆ ಅಮ್ಮ ಸುಮ್ಮನಿರುತ್ತಾಳೆಯೇ?

ದಾರಿ ಬಿಡಬೇಕು, ಆದರೆ ದುಂಡು ಬಿಡಬಾರದು. ಗೋಡೆ ದಪ್ಪ ಮಾಡಿದರಾಯಿತು ಎಂದು ನಾನೂ ಅಂದುಕೊಂಡೆ. ಮಾಡಬಹುದು, ಒಳ್ಳೆಯ ಪೈಪಿನ ಗೋಡೆ ದಪ್ಪವೇ ಇರುತ್ತದೆ. ಆದರೆ ಹೊರಬೇಕಲ್ಲ! ಅರ್ಧ ಇಂಚಿನ ಪೈಪಿನ ಒಂದು ಮೀಟರಿನೊಳಗೆ ಸುಮಾರು 127 ಮಿಲಿಲೀಟರ್ ನೀರು ಹಿಡಿಯುತ್ತದೆ. ಮೂವತ್ತು ಮೀಟರಿಗೆ ಹೆಚ್ಚುಕಡಿಮೆ ನಾಲ್ಕು ಕೆ.ಜಿ. ನೀರೇ ಆಯಿತು, ಅದರ ಮೇಲೆ ಪೈಪಿನ ತೂಕ. ಎಪ್ಪತ್ತರ ಅಮ್ಮ ಎಳೆಯುವುದು ಇದನ್ನು.

ತೋಟಕ್ಕೆ ಹೋದಾಗ ಹೊಳೆಯಂಚಿನ ಪಂಪ್‌ಸೆಟ್ಟಿನ ಸಕ್ಷನ್ ಪೈಪು ಕಣ್ಣಿಗೆ ಬಿತ್ತು. ಎಷ್ಟು ವರ್ಷ ನೋಡಿದ್ದೇನೋ, ಕಂಡದ್ದು ಅವತ್ತೇ! ಮೆತ್ತನೆಯ ಮೈಯೊಳಗೆ ಗಟ್ಟಿ ಸುರುಳಿಯೊಂದು ಉದ್ದಕ್ಕೂ ಸುತ್ತಿಕೊಂಡು ಹೋಗಿದೆ. ಪಂಪು ಒಳಗಿಂದ ಹೀರುವಾಗ ಪೈಪು ಅಪ್ಪಚ್ಚಿಯಾಗದಂತೆ ತಡೆಯುವುದು ಅದೇ ಸುರುಳಿ. ಸುತ್ತಳತೆಯ ದಿಕ್ಕಿನಲ್ಲಿ ಕಲ್ಲು, ಉದ್ದದ ದಿಕ್ಕಿನಲ್ಲಿ ಬೆಣ್ಣೆ. ಎರಡು ಕೆಲಸಕ್ಕೆ ಎರಡು ಆಳು. ಇನ್ನೂ ಮಜಾ ಏನೆಂದರೆ ಸುರುಳಿಯೂ ಪಿವಿಸಿ, ಮೈಯೂ ಪಿವಿಸಿ! ಪಿವಿಸಿ ಹುಟ್ಟಾ ಗಟ್ಟಿ. 1926ರಲ್ಲಿ ಅಮೆರಿಕದ ಆಕ್ರನ್ ಊರಿನ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞ ಲೋಹಕ್ಕೆ ರಬ್ಬರ್ ಅಂಟಿಸುವ ಅಂಟನ್ನು ಹುಡುಕುತ್ತ ಪಿವಿಸಿಯನ್ನು ಎಣ್ಣೆಯಂಥ ದ್ರಾವಕದಲ್ಲಿ ಕಾಯಿಸಿದ. ಅಂಟು ಸಿಗಲಿಲ್ಲ, ಪುಟಿಯುವ ಮೆದುವಸ್ತು ಸಿಕ್ಕಿತು. ಬೋರ್‌ವೆಲ್ಲಿನ ಕೇಸಿಂಗ್ ಪೈಪೂ ಅಮ್ಮನ ಹಸಿರು ಪೈಪೂ ಒಡಹುಟ್ಟಿದವು. ತಂಗಿಗೆ ಎಣ್ಣೆ ಕುಡಿಸಿದ್ದಾರೆ, ಅಷ್ಟೇ. ಬಿಸಿಲಿಗೆ ಬಿದ್ದು ಬಿದ್ದು ಆ ಎಣ್ಣೆಯಂಶ ಹೋದಂತೆಲ್ಲ ಅವಳೂ ಅಕ್ಕನ ಹಾಗೆ ಸೆಟೆದುಕೊಳ್ಳುತ್ತಾಳೆ. ನನ್ನ ಮಡಿಕೆಯ ಬಿಳಿ ಕಲೆಗೆ ಅರ್ಧ ಕಾರಣ ಅದು.

ಈಗ ನಿಮ್ಮ ಬೆರಳನ್ನು ಗಂಟಲಮಣಿಯ ಕೆಳಗೆ ಇಡಿ. ಮೆಲ್ಲಗೆ ಕೆಳಕ್ಕೆ ಸವರಿ. ಉಬ್ಬು, ತಗ್ಗು, ಉಬ್ಬು, ತಗ್ಗು... ಸಿಕ್ಕಿತೇ? ಸಕ್ಷನ್ ಪೈಪು!

ನಮ್ಮ ಉಸಿರ್ಗೊಳವೆಯಲ್ಲಿ ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಯ ಬಳೆಗಳಿವೆ. ತಲೆ ಬಗ್ಗಿಸಿ ಊಟ ಮಾಡಿ, ಕತ್ತು ಎತ್ತಿ ನಕ್ಷತ್ರ ನೋಡಿ, ಹೊರಳಿ ಮಲಗಿ, ಉಸಿರು ಮಡಚಿಕೊಳ್ಳುವುದಿಲ್ಲ. ಆ ಬಳೆಗಳು ಪೂರ್ತಿ ಬಳೆಗಳೂ ಅಲ್ಲ, ಕುದುರೆಲಾಳದ ಹಾಗೆ ಹಿಂದುಗಡೆ ಬಾಯಿ ತೆರೆದಿವೆ. ಅನ್ನನಾಳ ಇರುವುದು ಅದರ ಬೆನ್ನಿಗೇ. ದೊಡ್ಡ ತುತ್ತು ಇಳಿಯುವಾಗ ಅದಕ್ಕೆ ಹಿಗ್ಗಲು ಜಾಗ ಬೇಡವೇ? ಇಷ್ಟೊಂದು ಸೂಕ್ಷ್ಮ ಯಾರಿಗೆ ಹೊಳೆದೀತು! ಅವತ್ತು ರಾತ್ರಿ ಊಟದ ಎಲೆಯ ಮುಂದೆ ನಾನು ಗಂಟಲು ಮುಟ್ಟಿಕೊಳ್ಳುತ್ತ ಕೂತದ್ದು ಕಂಡು ಅಮ್ಮ, “ಮುಳ್ಳು ಸಿಕ್ಕಿತೇನೋ? ಬರೀ ಸಾರನ್ನವಲ್ಲವೇನೋ ಹಾಕಿದ್ದು” ಎಂದಳು.

ಮರುದಿನ ಕತ್ತಿ ತಂದು ಹಳೆಯ ಪೈಪಿನ ಗಾಯದ ಭಾಗವನ್ನು ಗೇಣುದ್ದ ಕತ್ತರಿಸಿ ಸೀಳಿದೆ. ಹೊರಗೆ ಹಸಿರು ಪದರ, ಒಳಗೆ ಕಪ್ಪು ಪದರ, ನಡುವೆ ಬಿಳಿ ನೂಲಿನ ಜಾಲರಿ. ಒಂದು ಸಾಲು ಬಲಕ್ಕೆ ಸುತ್ತಿ ಹೋಗಿದೆ, ಇನ್ನೊಂದು ಎಡಕ್ಕೆ. ಎರಡೂ ದಾಟಿದಲ್ಲೆಲ್ಲ ವಜ್ರದಾಕಾರ. ನೂಲು ಮಡಿಕೆಯನ್ನು ತಡೆಯಲಾರದು, ದಾರವನ್ನು ಎಳೆದರೆ ಬಿಗಿ, ಒತ್ತಿದರೆ ಸಡಿಲ. ಅದರ ಕೆಲಸ ಬೇರೆ: ಪೈಪು ಒಡೆಯದಂತೆ ಕಾಯುವುದು. ನೀರು ಒಳಗಿಂದ ಒತ್ತಿದಾಗ ನೂಲು ಬಿಗಿಯುತ್ತದೆ, ಬಿಗಿದ ನೂಲೂ ಒತ್ತುವ ನೀರೂ ಸೇರಿ ಪೈಪನ್ನು ದುಂಡಗೆ ನಿಲ್ಲಿಸುತ್ತವೆ. ಒತ್ತಡ ಇಲ್ಲದಿದ್ದರೆ ನೂಲೂ ಸೋಮಾರಿ. ಹತ್ತು ಮೀಟರ್ ಎತ್ತರದ ನೀರು ಇದ್ದರೆ ಒಂದು ವಾಯುಮಂಡಲದಷ್ಟು ಒತ್ತಡ. ನಮ್ಮ ತಾರಸಿಯ ಕಪ್ಪು ಟ್ಯಾಂಕು ಇರುವುದು ಆರು ಮೀಟರ್ ಮೇಲೆ. ಪಾಪ, ನಮ್ಮ ಪೈಪಿಗೆ ಒಳಗಿನ ಆಸರೆಯೇ ಕಡಿಮೆ!

ಆ ನೂಲಿನ ಓರೆಯನ್ನು ಮಗಳ ಜಾಮೆಟ್ರಿ ಬಾಕ್ಸಿನ ಕೋನಮಾಪಕದಿಂದ ಅಳೆದೆ. ಐವತ್ತೈದರ ಹತ್ತಿರ. ಇನ್ನೊಂದು ಕಡೆ ಅಳೆದೆ. ಐವತ್ನಾಲ್ಕು. ನಲವತ್ತೈದು ಯಾಕಲ್ಲ? ಅರವತ್ತು ಯಾಕಲ್ಲ?

ಒತ್ತಡ ತುಂಬಿದ ಕೊಳವೆಯ ಗೋಡೆಗೆ ಸುತ್ತಳತೆಯ ದಿಕ್ಕಿನಲ್ಲಿ ಬೀಳುವ ಎಳೆತ, ಉದ್ದದ ದಿಕ್ಕಿನ ಎಳೆತದ ಸರಿಯಾಗಿ ಎರಡು ಪಟ್ಟು. ಪೈಪು ಒಡೆದರೆ ಉದ್ದಕ್ಕೆ ಸೀಳುವುದು ಅದಕ್ಕೇ. ನೂಲನ್ನು ಬರೀ ಬಳೆಯ ಹಾಗೆ ಸುತ್ತಿದರೆ ಪೈಪು ಉದ್ದುದ್ದ ಹಿಗ್ಗೀತು, ಬರೀ ಉದ್ದಕ್ಕೆ ಎಳೆದರೆ ಹೊಟ್ಟೆ ಉಬ್ಬೀತು. ಎರಡಕ್ಕೆ ಒಂದರ ಆ ಜಗಳವನ್ನು ಚೂರೂ ಪಕ್ಷಪಾತವಿಲ್ಲದೆ ಬಗೆಹರಿಸುವ ಓರೆ ಒಂದೇ ಒಂದು, 54.7 ಡಿಗ್ರಿ. ಆ ಕೋನದಲ್ಲಿ ಹೆಣೆದ ಪೈಪು ನಲ್ಲಿ ತಿರುಗಿಸಿದಾಗ ಉದ್ದವೂ ಆಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ, ಹೊಟ್ಟೆಯೂ ಬಿಡುವುದಿಲ್ಲ. ಹಾವು ಏಣಿ ಆಟದ ದಾಳ ಇದ್ದರೆ ಕೈಗೆತ್ತಿಕೊಳ್ಳಿ. ಅದರ ಒಂದು ಮೂಲೆಯಿಂದ ಒಳಗಿನಿಂದಲೇ ಎದುರು ಮೂಲೆಗೆ ಗೆರೆ ಎಳೆದಂತೆ ಊಹಿಸಿ. ಆ ಗೆರೆಗೂ ದಾಳದ ಅಂಚಿಗೂ ನಡುವಿನ ಕೋನ? ಅದೇ 54.7! ಮಗಳ ದಾಳದೊಳಗೆ ಅಡಗಿ ಕೂತಿದ್ದ ಕೋನ, ಅಜ್ಜಿಯ ಪೈಪಿನೊಳಗೆ!

ಕೋನ ತಪ್ಪಿದರೆ ಏನಾಗುತ್ತದೆ? ಜೋಸೆಫ್ ಮೆಕಿಬನ್ ಎಂಬ ಭೌತವಿಜ್ಞಾನಿ ಲಾಸ್ ಅಲಾಮೋಸ್‌ನಲ್ಲಿದ್ದವರು. 1945ರ ಜುಲೈ 16ರ ಮುಂಜಾವ, ಜಗತ್ತಿನ ಮೊದಲ ಅಣುಬಾಂಬು ಪರೀಕ್ಷೆಯ ಕೊನೆಯ 45 ಸೆಕೆಂಡುಗಳ ಯಂತ್ರವನ್ನು ಚಾಲೂ ಮಾಡಿದ ಕೈ ಅವರದು. ಮುಂದೆ ಅವರ ಮಗಳಿಗೆ ಪೋಲಿಯೋ ಬಡಿಯಿತು, ಬೆರಳುಗಳು ಏಳದಾದವು. ಐವತ್ತರ ದಶಕದಲ್ಲಿ ಅಪ್ಪ ಒಂದು ರಬ್ಬರ್ ಕೊಳವೆಗೆ ಹೆಣಿಗೆಯ ತೊಡುಗೆ ತೊಡಿಸಿದರು. ನೂಲಿನ ಓರೆಯನ್ನು ಬೇಕೆಂದೇ ಕಡಿಮೆ ಇಟ್ಟರು. ಗಾಳಿ ತುಂಬಿದಾಗ ಕೊಳವೆ ದಪ್ಪಗಾಗುತ್ತ, ನೂಲು 54.7ರತ್ತ ಸರಿಯುತ್ತ, ಗಿಡ್ಡವಾಯಿತು. ಗಿಡ್ಡವಾಗುತ್ತ ಎಳೆಯಿತು. ಎಳೆದಾಗ ಮಗಳ ಬೆರಳು ಮಡಚಿತು! ಪೈಪಿನಲ್ಲಿ ದೋಷ ಎನಿಸುವುದೇ ಅಲ್ಲಿ ಸ್ನಾಯುವಾಯಿತು. ಬಾಂಬಿನ ಯಂತ್ರ ಚಾಲೂ ಮಾಡಿದ ಕೈಯೇ ಇದನ್ನೂ ಮಾಡಿದ್ದು ಎಂದು ನೆನೆದಾಗ ಪೈಪಿನ ತುಂಡು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬೆಂಕಿ ಆರಿಸುವವರ ಬಗ್ಗುವ ಪೈಪಿನ ಕಥೆ ಶುರುವಾಗಿದ್ದು ಒಬ್ಬ ಚಿತ್ರಕಾರನಿಂದ ಎಂದರೆ ನಂಬುತ್ತೀರಾ? ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡರ್ ಹೈಡನ್, ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಬಿಡದೆ ಬಿಡಿಸುತ್ತಿದ್ದ ಆಸಾಮಿ. 1670ರ ದಶಕದ ಮೊದಲಲ್ಲಿ ಸೋದರನೊಡನೆ ಸೇರಿ ಚರ್ಮವನ್ನು ಕೊಳವೆಯಾಗಿ ಹೊಲಿದು ಬೆಂಕಿ ಆರಿಸುವ ಪಂಪಿಗೆ ಜೋಡಿಸಿದ. ಅಲ್ಲಿಯವರೆಗೆ ನೀರು ಬೆಂಕಿಯ ಹತ್ತಿರ ಹೋಗಲು ಪಂಪೇ ಹೋಗಬೇಕಿತ್ತು. ಚಿತ್ರ ಬರೆಯುವವನ ಕಣ್ಣಿಗೆ ಮೂಲೆ ತಿರುಗುವ ನೀರು ಕಂಡಿತ್ತು.

ನಮ್ಮ ಬಚ್ಚಲ ಮೂಲೆಗೆ ಮತ್ತೆ ಬಂದರೆ, ಇನ್ನೊಬ್ಬ ಕಳ್ಳನ ಹೆಸರು ಹೇಳಲೇಬೇಕು. ಹುರಿ. ಪೈಪನ್ನು ಸಿಂಬೆಯಾಗಿ ಸುತ್ತಿಟ್ಟು ತುದಿ ಹಿಡಿದು ಎಳೆದರೆ ಒಂದೊಂದು ಸುತ್ತಿಗೂ ಪೈಪಿಗೆ ಒಂದೊಂದು ಪೂರ್ತಿ ಹುರಿ ಬೀಳುತ್ತದೆ. ಹತ್ತು ಸುತ್ತು, ಹತ್ತು ಹುರಿ. ಆ ಹುರಿ ಕುಣಿಕೆಯಾಗಿ ಏಳುತ್ತದೆ, ಕುಣಿಕೆಯನ್ನು ಜಗ್ಗಿದರೆ ಮಡಿಕೆ. ಎಂಟರ ಆಕಾರದಲ್ಲಿ ಸುತ್ತಿಟ್ಟರೆ ಒಂದು ಕಡೆಯ ಹುರಿಯನ್ನು ಇನ್ನೊಂದು ಕಡೆ ಕಳೆದುಹಾಕುತ್ತದೆ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ಎಳೆಗೂ ಇದೇ ಪೀಡೆ, ಅದರ ಹುರಿ ಬಿಡಿಸಲೆಂದೇ ಅಲ್ಲೊಂದು ಕಿಣ್ವ ಕಾದು ಕೂತಿದೆ. 1971ರಲ್ಲಿ ಜೇಮ್ಸ್ ವಾಂಗ್ ಅದನ್ನು ಕಂಡುಹಿಡಿದರು. ಎಳೆಯನ್ನು ಕತ್ತರಿಸಿ, ಹುರಿ ಬಿಟ್ಟು, ಮತ್ತೆ ಅಂಟಿಸುತ್ತದಂತೆ! ಹಿತ್ತಲಿಗೆ ಅಂಥದ್ದೊಂದು ಸಿಕ್ಕಿದ್ದರೆ ನನ್ನ ನೌಕರಿ ಹೋಗುತ್ತಿತ್ತು.

ಹೊಸ ಪೈಪು ತರಲು ಪೇಟೆಗೆ ಹೋದೆ. ಅಂಗಡಿಯವನ ಮುಂದೆಯೇ ಒಂದೊಂದನ್ನೂ ತಟ್ಟೆಯಗಲಕ್ಕೆ ಬಗ್ಗಿಸಿ ಬಾಗಿದ ಜಾಗ ದುಂಡಗಿದೆಯೋ ಮೊಟ್ಟೆಯಾಯಿತೋ ನೋಡಿದೆ. ನಲ್ಲಿಯ ಬಾಯಿಗೆ ಹಾಕಲು ಸ್ಪ್ರಿಂಗಿನ ತೊಡುಗೆಯನ್ನೂ ಕೇಳಿ ತಂದೆ, ಇಡೀ ಪೈಪಿನ ಭಾರ ಜೋತು ಬೀಳುವುದು ಅಲ್ಲೇ. “ಏನ್ಸಾರ್, ಹೆಣ್ಣು ನೋಡ್ದಂಗೆ ನೋಡ್ತೀರಲ್ಲ” ಎಂದ ಅಂಗಡಿಯವ.

ಬರುವ ದಾರಿಯಲ್ಲಿ ಕೆರೆ. ತಾವರೆ ಎಲೆಗಳು ನೀರಿನಿಂದ ತಲೆಯೆತ್ತಿ ನಿಂತಿದ್ದವು. ಅಮ್ಮ ದಿನಾ ಹೇಳುವ ಲಲಿತಾ ಸಹಸ್ರನಾಮದಲ್ಲಿ ದೇವಿಯನ್ನು ತಾವರೆ ದಂಟಿನ ನೂಲಿಗೆ ಹೋಲಿಸುವ ಒಂದು ಹೆಸರಿದೆ, ಅಷ್ಟು ಸಪೂರ ಎಂದು. ಹಳೆಯ ಕವಿಗಳ ಬಿಸತಂತು. ಅದು ದಂಟಿನೊಳಗೆ ಏನು ಮಾಡುತ್ತಿದೆ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದು ಒಂದು ದಂಟನ್ನು ಮುರಿದು, ಎರಡೂ ತುಂಡುಗಳನ್ನು ನಿಧಾನ ದೂರ ಸರಿಸಿದೆ.

ಎಳೆ ಎಳೆಯಾಗಿ ಬಂತು. ಜೇಡರ ನೂಲಿನ ಹಾಗೆ, ಬಿಸಿಲಿಗೆ ಮಿಂಚುತ್ತ, ಒಂದು ಗೇಣು, ಎರಡು ಗೇಣು.

ಗಿಡದ ಎಲೆ ನೀರನ್ನು ಮೇಲಕ್ಕೆ ಹೀರುತ್ತದೆ. ಹೀರುವ ಪೈಪು ಒಳಕ್ಕೆ ಕುಸಿಯಬಾರದು. ದಂಟು ಇನ್ನೂ ಬೆಳೆಯುತ್ತಿದೆ, ಆದ್ದರಿಂದ ಪೈಪು ಉದ್ದವೂ ಆಗುತ್ತಿರಬೇಕು. ಅದಕ್ಕೆ ಗಿಡ ತನ್ನ ನೀರ್ಗೊಳವೆಗಳ ಒಳಗೋಡೆಗೆ ಗಟ್ಟಿ ಸುರುಳಿ ಸುತ್ತಿಟ್ಟಿದೆ. ದಂಟು ಮುರಿದಾಗ ಬಿಚ್ಚಿಕೊಂಡು ಬರುವುದು ಆ ಸುರುಳಿಯೇ. ಬಿಸತಂತು ಎಂದರೆ ಸಕ್ಷನ್ ಪೈಪಿನ ಸ್ಪ್ರಿಂಗು! ಕೈ ಹತ್ತಿರ ತಂದೆ, ಎಳೆ ಸಡಿಲಾಗಿ ಸುರುಟಿಕೊಂಡಿತು. ದೂರ ಸರಿಸಿದೆ, ಮತ್ತೆ ನೀಳವಾಯಿತು.

ದಂಡೆಯ ಮೇಲೆ ಸ್ಕೂಟರಿನಲ್ಲಿ ಹೊಸ ಪೈಪಿನ ಸಿಂಬೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಅಮ್ಮನದೇ ಇರಬೇಕು, ಮಲ್ಲಿಗೆ ಗಿಡಕ್ಕೆ ಇನ್ನೂ ನೀರಾಗಿಲ್ಲ. ಎರಡೂ ಕೈಯಲ್ಲಿ ದಂಟಿನ ತುಂಡುಗಳು, ನಡುವೆ ಆ ನೂಲು. ಫೋನು ಎತ್ತಲು ಕೈ ಬರಲಿಲ್ಲ.