ವೀಡಿಯೊ ಕಾಲ್‌ನಲ್ಲಿ ಮುಖವಷ್ಟೇ ನೋಡಿದರೆ ಸಾಲದು

ಮಗ ರಿಯಾದ್‌ನಲ್ಲೋ ದುಬೈನಲ್ಲೋ, ಮಗಳು ಪುಣೆಯಲ್ಲೋ ಬೆಂಗಳೂರಿನಲ್ಲೋ, ವಯಸ್ಸಾದ ತಂದೆ-ತಾಯಿ ಮಾತ್ರ ಊರಲ್ಲಿ. ಅಮ್ಮಿನಬಾವಿಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಇಂಥ ಮನೆಗಳು ಈಗ ಅಪರೂಪವಲ್ಲ. ಹಿಂದೆ ಇವರು ಪತ್ರಕ್ಕೆ ಕಾಯುತ್ತಿದ್ದರು, ಆಮೇಲೆ ಎಸ್‌ಟಿಡಿ ಬೂತಿಗೆ ಓಡಾಡಿದರು. ವೀಡಿಯೊ ಕರೆ ಬಂದ ಮೇಲೆ ದಿನವೂ ಮುಖ ನೋಡುವಂತಾಯಿತು.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ. ಗಾಳಿ, ಆಹಾರ, ನಿದ್ರೆಗಳ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲಿದೆ. ಚಿಂತೆ, ದುಃಖ, ಸಂತೋಷ ದೇಹವನ್ನು ಮುಟ್ಟದೆ ಬಿಡುವುದಿಲ್ಲ. ಮಗನ ಮುಖ ಕಂಡ ದಿನ ತಾಯಿ ಎರಡು ತುತ್ತು ಹೆಚ್ಚು ತಿನ್ನುವುದು ಸುಮ್ಮನೆ ಅಲ್ಲ.

ಆದರೆ ಫೋನ್ ತೋರಿಸುವುದು ಮುಖವನ್ನು ಮಾತ್ರ. ಮಗನ ಕರೆ ಬಂತೆಂದರೆ ತಾಯಿ ದುಪಟ್ಟಾ ಸರಿಮಾಡಿಕೊಂಡು ನಗುತ್ತಾ ಕೂರುತ್ತಾಳೆ. “ಎಲ್ಲಾ ಛಲೋ ಐತಿ ಬೇಟಾ” ಎನ್ನುತ್ತಾಳೆ. ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿಯನ್ನು ನನ್ನ ಬಳಿ ಕರೆತಂದಾಗ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಮಗ ದಿನವೂ ವೀಡಿಯೊ ಕಾಲ್ ಮಾಡುತ್ತಿದ್ದ. ಮುಖ ಕಂಡಿತ್ತು, ಕಾಲು ಕಂಡಿರಲಿಲ್ಲ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಕಾಲಿನ ನರಗಳ ಸಂವೇದನೆ ಕುಗ್ಗುತ್ತದೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲ ಎಂದರೆ ಗಾಯವಿಲ್ಲ ಎಂದು ತಿಳಿಯಬಾರದು. ವುಝೂ ಮಾಡುವಾಗ ಹೇಗೂ ಕಾಲು ತೊಳೆಯುತ್ತೇವೆ. ಆಗ ಬೆರಳಿನ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ ಅಂಗಾಲನ್ನು ನೋಡಿಕೊಳ್ಳಲಿ. ಬಗ್ಗಲಾಗದವರು, ಕಣ್ಣು ಮಂಜಾದವರು ವಾರಕ್ಕೊಮ್ಮೆಯಾದರೂ ಕ್ಯಾಮೆರಾವನ್ನು ಕಾಲಿನ ಕಡೆ ತಿರುಗಿಸಲಿ. ಮಗನಿಗೆ ತೋರಿಸಲು ತಾಯಿಗೆ ಸಂಕೋಚವಾದರೆ ಮಗಳಿಗೋ ಸೊಸೆಗೋ ತೋರಿಸಲಿ. ಆ ಚಿತ್ರವನ್ನು ಕುಟುಂಬದ ಗ್ರೂಪಿಗೆ ಹಾಕಬೇಡಿ.

ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಉಳಿಯುತ್ತದೆಯೇ ನೋಡಿ. ಒಂದು ಪೂರ್ತಿ ವಾಕ್ಯ ಹೇಳುವಷ್ಟರಲ್ಲಿ ಅಬ್ಬಾ ಎರಡು ಸಲ ಉಸಿರು ತೆಗೆದುಕೊಳ್ಳುತ್ತಾರೆಯೇ? ಕಳೆದ ಈದ್‌ಗೆ ಹೊಲಿಸಿದ ಜುಬ್ಬಾ ಈಗ ಸಡಿಲವಾಗಿದೆಯೇ? ಇಂಥದ್ದು ಕಂಡರೆ ಹತ್ತಿರದ ವೈದ್ಯರಲ್ಲಿಗೆ ಕಳಿಸಿ. ಚರ್ಮದ ಬಣ್ಣ ನೋಡಿ ಮಾತ್ರ ಏನನ್ನೂ ತೀರ್ಮಾನಿಸಬೇಡಿ, ಹಳದಿ ಬಲ್ಬಿನ ಕೆಳಗೆ ಎಲ್ಲರಿಗೂ ಕಾಮಾಲೆ ಇದ್ದಂತೆಯೇ ಕಾಣುತ್ತದೆ. ಅಲ್ಲಿಂದಲೇ ಮಾತ್ರೆ ಬದಲಿಸುವುದು, ನಿಲ್ಲಿಸಲು ಹೇಳುವುದು ಬೇಡವೇ ಬೇಡ. ಟೆಲಿಮೆಡಿಸಿನ್‌ಗೆ ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ, ಅದು ಒಳ್ಳೆಯದೇ. ಆದರೂ ನಬ್ಝ್ ಹಿಡಿಯಲು ಫೋನಿಗೆ ಕೈಯಿಲ್ಲ.

ಫಾಲಿಜ್, ಅಂದರೆ ನಮ್ಮ ಕಡೆ ಲಕ್ವ ಹೊಡೆಯುವುದು ಎನ್ನುವ ಪಾರ್ಶ್ವವಾಯುವನ್ನು ವೀಡಿಯೊದಲ್ಲೇ ಗುರುತಿಸಬಹುದು. ನಗಲು ಹೇಳಿದಾಗ ಬಾಯಿ ಒಂದು ಕಡೆ ಜೋತುಬಿದ್ದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯಬೇಡಿ. ಇವುಗಳಲ್ಲಿ ಒಂದೇ ಕಂಡರೂ ಸಾಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಆ ಸೌಲಭ್ಯವಿರುವ ಆಸ್ಪತ್ರೆಗೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ವೈದ್ಯರು ಕೇಳುತ್ತಾರೆ, ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯ: ರಿಯಾದ್‌ನಿಂದ 108 ಒತ್ತಿದರೆ ನಮ್ಮ ಆಂಬ್ಯುಲೆನ್ಸ್ ಬರುವುದಿಲ್ಲ. ಪಕ್ಕದ ಮನೆಯವರ, ವಾಹನವಿರುವ ಒಬ್ಬ ಸಂಬಂಧಿಯ ನಂಬರು ನಿಮ್ಮ ಫೋನಿನಲ್ಲಿರಲಿ. 108ಕ್ಕೆ ಕರೆ ಅವರು ಮಾಡಲಿ. ಪಕ್ಕದವರು ಯಾವ ಜಾತಿ-ಧರ್ಮದವರಾದರೂ ಮೊದಲು ಓಡಿ ಬರುವವರು ಅವರೇ.

ಕೆಲವು ಹಿರಿಯರು ವೀಡಿಯೊ ಕಾಲ್ ಬಂದರೆ ಫೋನನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಾರೆ. ದೂರದಲ್ಲಿರುವ ಮಕ್ಕಳು ಅದನ್ನು ಸಿಟ್ಟು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಕಿವಿ ಮಂದವಾಗಿರುವುದು ಅಥವಾ ಕಣ್ಣಿಗೆ ಪೊರೆ ಬಂದಿರುವುದು. ಇಬ್ಬರು ಮೂವರು ಒಟ್ಟಿಗೆ ಮಾತಾಡಬೇಡಿ, ನಿಮ್ಮ ಮುಖದ ಮೇಲೆ ಬೆಳಕಿರಲಿ, ತುಟಿ ಕಾಣಲಿ. ಕಿವಿ-ಕಣ್ಣು ಪರೀಕ್ಷೆ ಮಾಡಿಸಿ.

ಇನ್ನು ಸಮಯ. ನಮ್ಮ ಗಡಿಯಾರ ಸೌದಿಗಿಂತ ಎರಡೂವರೆ ಗಂಟೆ, ದುಬೈಗಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಡ್ಯೂಟಿ ಮುಗಿಸಿ ಕರೆ ಮಾಡಿದರೆ ಇಲ್ಲಿ ಹನ್ನೊಂದೂವರೆ ಅಥವಾ ಹತ್ತೂವರೆ. ಬಿಪಿ ಇರುವ ತಂದೆ ಅಲ್ಲಿಯವರೆಗೆ ಎಚ್ಚರವಿದ್ದು ಮತ್ತೆ ಫಜ್ರ್‌ಗೆ ಏಳುತ್ತಾರೆ. ಆರು ಸಂಗತಿಗಳಲ್ಲಿ ನಿದ್ರೆಯೂ ಒಂದು. ಸೌದಿಯಲ್ಲಿ ಶುಕ್ರವಾರ ರಜೆ, ಜುಮಾ ಮುಗಿಸಿ ಅವರು ಊಟಕ್ಕೆ ಕೂರುವಾಗ ಇಲ್ಲಿ ಅಸರ್ ಸಮೀಪಿಸಿರುತ್ತದೆ. ಆ ಹೊತ್ತು ಇಬ್ಬರಿಗೂ ಅನುಕೂಲ.

ಸುಳ್ಳು ಹೇಳುವವರು ಈ ಕಡೆಯವರಷ್ಟೇ ಅಲ್ಲ. ಬಿಸಿಲಲ್ಲಿ ದುಡಿಯುವ ಮಗನೂ “ಆರಾಮಿದ್ದೀನಿ ಅಮ್ಮಿ” ಎನ್ನುತ್ತಾನೆ. ಸೌದಿಯಲ್ಲೂ ಯುಎಇಯಲ್ಲೂ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಯಲಿನ ಕೆಲಸಕ್ಕೆ ನಿಷೇಧವಿದೆ. ದುಬೈನಲ್ಲಿ ಅದು ಹನ್ನೆರಡೂವರೆಯಿಂದ ಮೂರು, ಅಂದರೆ ನಮ್ಮ ಎರಡರಿಂದ ನಾಲ್ಕೂವರೆ. ಆಗ ಕರೆ ಮಾಡಿ ಅವನ ವಿಶ್ರಾಂತಿ ಕೆಡಿಸಬೇಡಿ. ಸಂಜೆ ಮಾತಾಡುವಾಗ ಹಣದ ವಿಚಾರಕ್ಕೆ ಮೊದಲು ಎಷ್ಟು ನೀರು ಕುಡಿದೆ, ಮೂತ್ರ ಕಡು ಹಳದಿಯಾಗಿದೆಯೇ, ಉರಿಯುತ್ತದೆಯೇ, ರಾತ್ರಿ ಎಷ್ಟು ಗಂಟೆ ಮಲಗಿದೆ ಎಂದು ಕೇಳಿ. ಅಮ್ಮಿ ಕೇಳಿದರೆ ಅವನು ಹೇಳುತ್ತಾನೆ.