ದುಡಿಮೆಯ ಲೆಕ್ಕ ಹಿಡಿದ ವಿ.ಕೆ.ಆರ್.ವಿ. ರಾವ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಿಗುವ ಮೇಗರವಳ್ಳಿಯ ಸುತ್ತಮುತ್ತ, 'ನಿಮ್ಮ ಮನೆಯಲ್ಲಿ ನಿರುದ್ಯೋಗಿಗಳು ಎಷ್ಟು ಮಂದಿ?' ಎಂದು ವಿಚಾರಿಸಿದರೆ 'ಯಾರೂ ಇಲ್ಲ' ಎಂಬ ಉತ್ತರವೇ ಬಂದೀತು. ತಂದೆ ತೋಟದಲ್ಲಿದ್ದಾರೆ, ತಾಯಿ ಕೊಟ್ಟಿಗೆಯಲ್ಲಿದ್ದಾರೆ, ಓದು ಮುಗಿಸಿದ ಮಗನೂ ತಂದೆಯ ಹಿಂದೆಯೇ ತೋಟಕ್ಕೆ ನಡೆಯುತ್ತಾನೆ. ಆದರೆ ಆ ಅರ್ಧ ಎಕರೆಗೆ ಮೂವರ ದುಡಿಮೆ ಬೇಕೇ? ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಬೇಕು. ಆಗ ಹೊರಗಿನ ಆಳುಗಳೂ ಸಾಲರು. ಮಳೆ ಹಿಡಿದು ಕುಳಿತ ದಿನಗಳಲ್ಲಿ ಒಬ್ಬರ ಕೆಲಸವನ್ನು ಮೂವರು ಹಂಚಿಕೊಂಡು ಮಾಡುತ್ತಾರೆ. ಒಬ್ಬರು ಬಿಟ್ಟುಹೋದರೂ ಫಸಲು ಕಡಿಮೆಯಾಗದು.

ಅರ್ಥಶಾಸ್ತ್ರಜ್ಞರು ಇದಕ್ಕೆ ಮರೆಮಾಚಿದ ನಿರುದ್ಯೋಗ ಎಂದು ಹೆಸರಿಟ್ಟಿದ್ದಾರೆ. ಇದನ್ನು ಮುಂದಿಟ್ಟುಕೊಂಡು ತಮ್ಮ ಗುರುವಿನ ಸಿದ್ಧಾಂತವನ್ನೇ ಪ್ರಶ್ನಿಸಿದವರು ಡಾ. ವಿ.ಕೆ.ಆರ್.ವಿ. ರಾವ್. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಈ ಅಂಕಣದಲ್ಲಿ ಅವರನ್ನು ನೆನೆಯಲು ಕಾರಣವಿದೆ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಹೊರಡಿಸಿದ ವಿಶ್ವಪತ್ರ ಕಾರ್ಮಿಕರ ನ್ಯಾಯವಾದ ಕೂಲಿಯ ಮಾತನ್ನು ಎತ್ತಿತು. ಅದನ್ನು ನೆನೆದೇ 2025ರಲ್ಲಿ ಹೊಸ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ನಾಮಧೇಯವನ್ನು ಆರಿಸಿಕೊಂಡರು. ಆದರೆ ದುಡಿಮೆಗೆ ನ್ಯಾಯ ಸಿಗಬೇಕಾದರೆ ಮೊದಲು ದುಡಿಮೆಯ ಅಳತೆ ಸಿಗಬೇಕಲ್ಲವೇ? ಆ ಅಳತೆಯ ಕೆಲಸಕ್ಕೆ ಬಾಳಿನ ಬಹುಭಾಗವನ್ನು ಕೊಟ್ಟವರು ರಾವ್.

1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಅವರ ಶಿಷ್ಯರಾದರು. ಬ್ರಿಟಿಷ್ ಇಂಡಿಯಾದ 1931–32ರ ರಾಷ್ಟ್ರೀಯ ವರಮಾನವನ್ನು ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂತು. ಬೆಳೆಯುವ ಪದಾರ್ಥಗಳ ಬೆಲೆಯನ್ನು ಒಂದು ಕಡೆ, ಇತರ ವೃತ್ತಿಗಳವರ ಸಂಪಾದನೆಯನ್ನು ಇನ್ನೊಂದು ಕಡೆ ಕೂಡಿಸಿ ಅವರು ಕಂಡುಕೊಂಡ ಮೊತ್ತ ತಲೆಗೆ ವರ್ಷಕ್ಕೆ 62 ರೂಪಾಯಿ. ದೇಶದ ಬಡತನವನ್ನು ಭಾಷಣದಲ್ಲಿ ಹೇಳುವುದು ಬೇರೆ, ಹೀಗೆ ರೂಪಾಯಿಯಲ್ಲಿ ಹೇಳುವುದು ಬೇರೆ. 1949ರಲ್ಲಿ ಸರ್ಕಾರ ನೇಮಿಸಿದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಮಹಲನೋಬಿಸ್ ಅಧ್ಯಕ್ಷರಾಗಿದ್ದರು, ಡಿ.ಆರ್. ಗಾಡ್ಗೀಳ್ ಅವರೊಡನೆ ರಾವ್ ಸದಸ್ಯರಾಗಿದ್ದರು. ದೆಹಲಿ ಅರ್ಥಶಾಸ್ತ್ರ ಶಾಲೆಯನ್ನು ಅವರು ಸ್ಥಾಪಿಸಿದ್ದೂ ಅದೇ ವರ್ಷ.

ಗುರುವಿನೊಡನೆ ಅವರ ತಕರಾರು 1952ರ ಒಂದು ಲೇಖನದಲ್ಲಿದೆ. ಇಂಗ್ಲೆಂಡಿನಲ್ಲಿ ಕಾರ್ಖಾನೆ ಮುಚ್ಚಿ ಕಾರ್ಮಿಕರು ಬಾಗಿಲಲ್ಲಿ ನಿಂತಿದ್ದರು. ಸರ್ಕಾರ ಹಣ ಖರ್ಚು ಮಾಡಿದರೆ ಕೊಳ್ಳುವವರು ಹೆಚ್ಚುತ್ತಾರೆ, ಕಾರ್ಖಾನೆ ತೆರೆಯುತ್ತದೆ, ಒಂದು ರೂಪಾಯಿ ಹಲವು ರೂಪಾಯಿಗಳ ವರಮಾನವಾಗುತ್ತದೆ ಎಂಬುದು ಕೇನ್ಸರ ವಾದ. ನಮ್ಮಲ್ಲಿ ಮುಚ್ಚಿದ ಕಾರ್ಖಾನೆಯೇ ಇಲ್ಲ ಎಂದರು ರಾವ್. ಬಡ ಬೇಸಾಯದ ಮನೆಗೆ ನಾಲ್ಕು ಕಾಸು ಹೆಚ್ಚು ಬಂದರೆ ಮೊದಲು ಹೊಟ್ಟೆ ತುಂಬ ಉಣ್ಣುತ್ತಾರೆ, ಅದು ಸಹಜವೇ. ಸಂತೆಗೆ ಬರುವ ಧಾನ್ಯ ತಗ್ಗುತ್ತದೆ. ಮಳೆ, ಋತುಗಳನ್ನು ಮೀರಿ ಬೆಳೆ ಹೆಚ್ಚದು. ಏರುವುದು ಬೆಲೆ ಮಾತ್ರ. ದ್ರಾಕ್ಷಿತೋಟದ ಸಾಮತಿಯಲ್ಲಿ ಪೇಟೆಬೀದಿಯಲ್ಲಿ ನಿಂತ ಆಳುಗಳು ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಯಜಮಾನನಿಗೆ ಹೇಳುತ್ತಾರಷ್ಟೆ. ಅವರು ಕಣ್ಣಿಗೆ ಕಾಣುವ ನಿರುದ್ಯೋಗಿಗಳು. ರಾವ್ ಅವರ ಗಮನ ಹರಿದದ್ದು ತೋಟದೊಳಗೇ ಇದ್ದೂ ಕೈತುಂಬ ಕೆಲಸವಿಲ್ಲದವರ ಕಡೆಗೆ.

ಹಾಗಾದರೆ ಮದ್ದೇನು? ಹೆಚ್ಚು ದುಡಿಯಬೇಕು, ಹೆಚ್ಚು ಉಳಿಸಬೇಕು ಎಂಬ ಹಳೆಯ ಮಾತಿಗೇ ಅವರು ಆ ಲೇಖನದಲ್ಲಿ ಮರಳಿದರು. ಇಲ್ಲಿ ನಮಗೆ ಸ್ವಲ್ಪ ಅಳುಕುಂಟು. ಸುಗ್ಗಿಯಲ್ಲಿ ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು, ಸುಲಿದ ಅಡಿಕೆಯ ಅಳತೆಗೆ ತಕ್ಕಷ್ಟು ಕೂಲಿ ಪಡೆಯುವ ಹೆಂಗಸಿಗೆ ಇನ್ನೂ ದುಡಿ ಎಂದು ಯಾವ ಬಾಯಿಂದ ಹೇಳುವುದು? ದೇಶಕ್ಕೆ ಒಪ್ಪುವ ಮಾತು ಎಲ್ಲ ಮನೆಗಳಿಗೂ ಒಂದೇ ತೂಕದಲ್ಲಿ ಒಪ್ಪುವುದಿಲ್ಲ. ಆದರೆ ರಾವ್ ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. 1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದಾಗ, ಜನರ ವಿದ್ಯೆ ಮತ್ತು ಕೌಶಲ್ಯಕ್ಕೆ ಹಾಕುವ ಹಣವೂ ಬಂಡವಾಳವೇ ಎಂಬ ವಿಚಾರವನ್ನು ಒತ್ತಿ ಹೇಳಿದರು.

1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಸಾರಿಗೆ ಮತ್ತು ನೌಕಾಯಾನ ಸಚಿವರಾದರು, 1969ರಲ್ಲಿ ಶಿಕ್ಷಣ ಸಚಿವರಾದರು. ಗಾಂಧೀಜಿಯವರ ಜನ್ಮಶತಾಬ್ದಿಯ ಆ ವರ್ಷ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದವರು ಅವರೇ. ಕಾಲೇಜಿಗೆ ಹೋದ ನಮ್ಮ ಮಕ್ಕಳು ಹಾರೆ ಹಿಡಿದು ಎನ್ನೆಸ್ಸೆಸ್ ಶಿಬಿರಗಳಲ್ಲಿ ಹಳ್ಳಿಯ ರಸ್ತೆ ತಿದ್ದಿದ್ದಾರೆ. ಆ ಯೋಜನೆಯ ಹಿಂದೆ ಒಬ್ಬ ಅರ್ಥಶಾಸ್ತ್ರಜ್ಞನಿದ್ದನೆಂದು ಬಲ್ಲವರು ವಿರಳ.

ಅಧಿಕಾರ ಬಿಟ್ಟ ಮೇಲೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ನಾಗರಬಾವಿಯ ಆ ಆವರಣದ ಗ್ರಂಥಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. 1974ರಲ್ಲಿ ಪದ್ಮವಿಭೂಷಣ ಬಂತು. 1991ರ ಜುಲೈ 24ರಂದು ಡಾ. ಮನಮೋಹನ್ ಸಿಂಗ್ ದೇಶದ ಆರ್ಥಿಕ ದಾರಿಯನ್ನೇ ಹೊರಳಿಸಿದ ಮುಂಗಡಪತ್ರವನ್ನು ಮಂಡಿಸಿದರು. ಮರುದಿನ ರಾವ್ ತೀರಿಕೊಂಡರು. ಅವರು ಕಟ್ಟಿದ ದೆಹಲಿಯ ಶಾಲೆಯಲ್ಲಿ ಸಿಂಗ್ ಹಿಂದೆ ಪ್ರಾಧ್ಯಾಪಕರಾಗಿದ್ದರು.

ಆ ಹೊಸ ದಾರಿಯಲ್ಲಿಯೇ ಮಲೆನಾಡಿನ ಎಷ್ಟೋ ಮಕ್ಕಳು ಬೆಂಗಳೂರಿಗೆ ಹೋದರು. ಉಳಿದವರ ಸಂಗತಿ ಯಾವ ಪುಸ್ತಕದಲ್ಲೂ ಇಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಸ್ವಂತ ತೋಟವುಳ್ಳವರೂ ಇದ್ದಾರೆ, ಕೂಲಿಯನ್ನೇ ನಂಬಿದವರೂ ಇದ್ದಾರೆ. ಧರ್ಮಕೇಂದ್ರದ ಯುವಜನರು ಒಂದು ವರ್ಷ ಮನೆಮನೆಗೆ ಹೋಗಿ, ಯಾರಿಗೆ ಯಾವ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ಕೈಗೆ ಎಷ್ಟು ಬಂತು ಎಂದು ಬರೆದಿಟ್ಟರೆ ಆದೀತು. ಅದಕ್ಕೆ ಒಂದು ನೋಟ್‌ಬುಕ್ ಸಾಕು. ಆಟಿಯ ಮಳೆಯಲ್ಲಿ ಬಿಡುವೂ ಇರುತ್ತದೆ.