ಗ್ಯಾಲ್ ಚಿಪ್‌ನಿಂದ ಎಫ್‌ಪಿಜಿಎಗೆ: ತಾಳವಾಡಿಯ ಒಂದು ಪಂಪ್ ಬೋರ್ಡಿನ ಅನುಭವ

ಪರದೆ ಕಾಣ್ತಿದೆ ಅಲ್ವಾ? ಇದು ತಾಳವಾಡಿಯ ನಮ್ಮ ತೋಟದ ಪಂಪಿಗೆ ನಾನೇ ಕಟ್ಟಿದ ಬೋರ್ಡು. ತೊಟ್ಟಿಯಲ್ಲಿ ಎರಡು ಫ್ಲೋಟ್ ಸ್ವಿಚ್, ಬೋರ್‌ವೆಲ್‌ನಲ್ಲಿ ಒಂದು ಸೆನ್ಸರ್, ಮೂರು ಫೇಸ್: ಈ ಆರು ಇನ್‌ಪುಟ್ ನೋಡಿ ರಿಲೇ ಹಾಕಬೇಕೋ ಬೇಡವೋ ಎಂದು ಒಂದು ಗ್ಯಾಲ್ 16ವಿ8 ಚಿಪ್ ತೀರ್ಮಾನಿಸುತ್ತದೆ. 1978ರಲ್ಲಿ ಬಂದ, ಒಮ್ಮೆ ಮಾತ್ರ ಬರೆಯಬಹುದಾಗಿದ್ದ ಪಾಲ್ ಚಿಪ್‌ಗಳ ನಂತರದ, ಅಳಿಸಿ ಬರೆಯಬಹುದಾದ ಜಾತಿ ಇದು. ಚಿಪ್ ಇನ್ನೂ ಕೆಟ್ಟಿಲ್ಲ. ಆದರೆ ತಯಾರಕರಾದ ಲ್ಯಾಟಿಸ್‌ನವರು ಡೇಟಾಶೀಟಿನಲ್ಲಿ ಹೇಳಿದ್ದು 20 ವರ್ಷದ ನೆನಪು. ಇದಕ್ಕೆ ಅಷ್ಟು ವಯಸ್ಸಾಯ್ತು. ಸಮೀಕರಣಗಳ ಫೈಲು ಹಳೆ ಕಂಪ್ಯೂಟರಿನ ಜೊತೆಗೇ ಹೋಯ್ತು. ಆಗಿನ ಹುರುಪಿನಲ್ಲಿ ಸೆಕ್ಯುರಿಟಿ ಬಿಟ್ ಬೇರೆ ಹಾಕಿದ್ದೆ, ಯಾರು ಕದೀತಾರೆ ಅಂತಲೋ!

ಆ ಬಿಟ್ ಒಳಗಿನ ನಕ್ಷೆಯನ್ನು ಮುಚ್ಚುತ್ತದೆ, ಔಟ್‌ಪುಟ್ಟನ್ನಲ್ಲ. ಆರು ಇನ್‌ಪುಟ್ ಅಂದ್ರೆ 64 ಸಂಯೋಜನೆ. ಕಾಂಟ್ಯಾಕ್ಟರ್ ಬಿಚ್ಚಿಟ್ಟು, ಒಂದೊಂದನ್ನೇ ಕೊಟ್ಟು ನೋಡಿ ಬರ್ಕೊಂಡೆ. ಒಂದು ಕಡೆ ಸಿಕ್ಕಿಹಾಕ್ಕೊಂಡೆ: ನೀರು ಎರಡು ಫ್ಲೋಟ್‌ಗಳ ನಡುವೆ ಇದ್ದಾಗ ಉತ್ತರ ಒಮ್ಮೆ 1, ಒಮ್ಮೆ 0. ತೊಟ್ಟಿ ತುಂಬುತ್ತಿದ್ದರೆ ಪಂಪ್ ಓಡ್ತಿರಬೇಕು, ಖಾಲಿಯಾಗುತ್ತಿದ್ದರೆ ನಿಂತಿರಬೇಕು, ಸರಿ ತಾನೆ? ಅದಕ್ಕಾಗಿ ಔಟ್‌ಪುಟ್ಟನ್ನೇ ಮತ್ತೆ ಒಳಕ್ಕೆ ಕೊಟ್ಟು ಹಿಂದಿನ ಸ್ಥಿತಿಯನ್ನು ಉಳಿಸಿದ್ದೆ. ಅದು ನನಗೇ ಮರೆತಿತ್ತು. ಅದನ್ನು ಏಳನೇ ಇನ್‌ಪುಟ್ ಎಂದು ಸೇರಿಸಿದ ಮೇಲೆ ಕೋಷ್ಟಕ ಸರಿಹೋಯ್ತು.

ಇಷ್ಟಕ್ಕೇ ಆದರೆ ಮೈಕ್ರೋಚಿಪ್‌ನ ಎಟಿಎಫ್16ವಿ8 ಸಾಕು. ಅದೇ 20 ಕಾಲು, ಅದೇ 5 ವೋಲ್ಟ್. ನನಗೆ ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ಕಾಯುವ ಟೈಮರ್ ಬೇಕಿತ್ತು, ಯೋಸಿಸ್‌ನಂಥ ಮುಕ್ತ ತಂತ್ರಾಂಶ ಕಲಿಯುವ ಆಸೆಯೂ ಇತ್ತು. ಹಾಗಾಗಿ ಐಸ್40 ಎಫ್‌ಪಿಜಿಎ ತಗೊಂಡೆ. ಅದರ ಕಾಲುಗಳು 3.3 ವೋಲ್ಟಿನವು, 5 ವೋಲ್ಟ್ ನೇರವಾಗಿ ಕೊಟ್ಟರೆ ಹಾಳಾಗುತ್ತೆ. ನಡುವೆ 3.3 ವೋಲ್ಟಿನಲ್ಲಿ ಓಡುವ 74ಎಲ್‌ವಿಸಿ245 ಹಾಕಿದೆ. ಅದರ ಇನ್‌ಪುಟ್‌ಗಳು 5 ವೋಲ್ಟ್ ತಾಳುತ್ತವೆ.

ನಿಜವಾದ ಅಪಾಯ ಬೇರೆ ಕಡೆ ಇತ್ತು. ಕರೆಂಟ್ ಬಂದ ಕೂಡಲೇ ಗ್ಯಾಲ್‌ಗೆ ತನ್ನ ಕೆಲಸ ಗೊತ್ತು. ಐಸ್40 ಮಾತ್ರ ಪ್ರತಿ ಸಲವೂ ಪಕ್ಕದ ಫ್ಲ್ಯಾಶ್ ಚಿಪ್‌ನಿಂದ ಪಾಠ ಓದಿಕೊಳ್ಳಬೇಕು. ಅಲ್ಲಿಯವರೆಗೆ ಅದರ ಕಾಲುಗಳನ್ನು ಒಳಗಿನ ದುರ್ಬಲ ಪುಲ್‌ಅಪ್ ಮೇಲಕ್ಕೆ ಎಳೆದಿರುತ್ತದೆ. ನನ್ನ ರಿಲೇ ಹಾಕುವುದು ಮಾಸ್‌ಫೆಟ್, ಅದಕ್ಕೆ ಅಷ್ಟೇ ಸಾಕು. ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ಟಕ್ ಅನ್ನುತ್ತಿತ್ತು. ಫ್ಲ್ಯಾಶ್ ಓದಲಾಗದಿದ್ದರಂತೂ ಬೋರ್‌ವೆಲ್ ಒಣಗಿದ್ದರೂ ಪಂಪ್ ಓಡುತ್ತಲೇ ಇರುತ್ತದೆ! ಮಾಸ್‌ಫೆಟ್ ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದೆ, ಟಕ್ ನಿಂತಿತು.

ಚಾಟ್‌ನಲ್ಲಿ ಒಬ್ಬರು ಕೇಳ್ತಿದ್ದಾರೆ, ಆರ್ಡುಯಿನೋ ಸಾಕಿತ್ತಲ್ವಾ ಅಂತ. ಸಾಕಿತ್ತು. ಆದರೆ ಅಲ್ಲೂ ಪ್ರೋಗ್ರಾಂ ಶುರುವಾಗುವ ತನಕ ಕಾಲುಗಳು ತೇಲುತ್ತಿರುತ್ತವೆ. ಈ ರೆಸಿಸ್ಟರ್ ಅಲ್ಲೂ ಬೇಕು.